ಹುಳಿ ಬಾರದ ಸಾಸೇಜು

ಪ್ರೀತಿಯ ಅಣ್ಣ,

ಮುಂದೆ ಓದುವ ಮೊದಲು ಕೈಯಲ್ಲಿರುವ ಚಾಕು ಕೆಳಗಿಡು. ಕ್ರೇಟು ತೆರೆದಿದ್ದರೆ ಮುಚ್ಚು. ಹೋಟೆಲಿನವರು ಒಂದು ಬಿಲ್ಲೆಯನ್ನೂ ರುಚಿ ನೋಡಬಾರದು, ನೀನಂತೂ ನೋಡಲೇಬಾರದು. ನಮ್ಮ ಸಾಸೇಜಿಗೆ ಹುಳಿ ಬಂದಿಲ್ಲ.

ಬೆಳಿಗ್ಗೆ ಕೋಪದಲ್ಲಿ ಕ್ರೇಟು ಹೊತ್ತು ಹೊರಟವನು ಫೋನನ್ನು ಮಾಂಸ ಕಡಿಯುವ ಮೇಜಿನ ಮೇಲೇ ಬಿಟ್ಟು ಹೋಗಿದ್ದೀಯ, ಮಹಾರಾಯ. ನಾನು ಕರೆ ಮಾಡಿದಾಗಲೆಲ್ಲ ಅದು ನನ್ನ ಪಕ್ಕದಲ್ಲೇ ಬಡಿದುಕೊಳ್ಳುತ್ತಿದೆ. ಹೋಟೆಲಿಗೆ ಮಾಡಿದರೆ ಫೋನೆತ್ತಿದ ಹುಡುಗಿ "ಸರಿ, ಹೇಳ್ತೀನಿ" ಅಂದಳು. ಆ ದನಿ ಕೇಳಿ ನನಗೆ ನಂಬಿಕೆ ಬರಲಿಲ್ಲ. ಅದಕ್ಕೇ ಆ ಕಡೆ ಹೊರಟ ಬಸ್ಸಿನ ಡ್ರೈವರ್ ಕೈಯಲ್ಲಿ ಈ ಪತ್ರ. ಇನ್ನೊಂದು ಕ್ರೇಟನ್ನು ಸೇತುವೆ ಹತ್ತಿರದ ಅಂಗಡಿಯಲ್ಲಿ ಇಳಿಸಿದ್ದೀಯಲ್ಲ, ಅದರ ಹಿಂದೆ ನಾನು ಓಡಬೇಕು.

ಹುಳಿ ಅಳೆಯುವ ಮೀಟರ್ ರಿಪೇರಿಯಿಂದ ಬರಲಿ, ಅಳೆದೇ ಕಳಿಸೋಣ ಎಂದು ನಿನ್ನೆ ಗೋಗರೆದೆ. "ಏನಮ್ಮ ಪ್ರೊಫೆಸರ್, ದೇವರು ನಮಗೆ ಮೂಗು ಕೊಟ್ಟಿಲ್ವಾ?" ಅಂದೆ ನೀನು. ಕೊಟ್ಟಿದ್ದಾನೆ, ಅದರ ತುದಿಯಲ್ಲಿ ಸಿಟ್ಟನ್ನೂ ಇಟ್ಟಿದ್ದಾನೆ. ಇವತ್ತು ಮೀಟರ್ ಬಂತು. ಕೊಕ್ಕೆಯಲ್ಲಿ ಉಳಿದಿದ್ದ ಒಂದನ್ನು ಕೊಯ್ದೆ. ಕೆಂಪಗೆ, ಘಮಘಮ ಅನ್ನುತ್ತಿತ್ತು. ಹುಳಿ ಮಾತ್ರ ಹಸಿ ಮಾಂಸದಲ್ಲಿ ಇರುವಷ್ಟೇ. ಇನ್ನೊಂದು ತುದಿಯಿಂದಲೂ ಅಳೆದೆ, ಅಷ್ಟೇ. ಬೆಳ್ಳಗಿರುವುದೆಲ್ಲ ಹಾಲಲ್ಲ ಅಣ್ಣ. ಬೇಯಿಸದೆ ತಿನ್ನುವ ಪದಾರ್ಥ ಇದು. ರೋಗ ತರುವ ಕ್ರಿಮಿಗಳನ್ನು ತಡೆಯುವುದೇ ಆ ಹುಳಿ.

ಮೊದಲು ನಾನು ತರಿಸಿದ ಪುಡಿಯನ್ನೇ ಬೈದುಕೊಂಡೆ. ಅಪ್ಪನ ಕಾಲದಿಂದ ಹಳೆಯ ಸಾಸೇಜಿನ ಒಂದು ತುಂಡು ಉಳಿಸಿ, ಹಾಲಿಗೆ ಹೆಪ್ಪು ಹಾಕಿದ ಹಾಗೆ ಹೊಸ ಮಾಂಸಕ್ಕೆ ಬೆರೆಸುತ್ತಿದ್ದೆವು. ಆ ಹೆಪ್ಪು ಈಚೆಗೆ ಮಾತು ಕೇಳುತ್ತಿರಲಿಲ್ಲ: ಒಮ್ಮೆ ಬಾಯಿಗಿಡಲಾಗದ ಹುಳಿ, ಒಮ್ಮೆ ಒಳಗೆಲ್ಲ ತೂತು. ಅದಕ್ಕೇ ಬ್ಯಾಕ್ಟೀರಿಯಾದ ಪುಡಿ ತರಿಸಿದ್ದು. ಅದರಲ್ಲಿ ಒಂದು ಜಾತಿ ಹುಳಿ ತರುತ್ತದೆ, ಇನ್ನೊಂದು ಬಣ್ಣವನ್ನೂ ಪರಿಮಳವನ್ನೂ ನೋಡಿಕೊಳ್ಳುತ್ತದೆ. ಎರಡನೆಯದು ತಂಪಿನಲ್ಲೂ ಹೇಗೋ ಕೆಲಸ ಮಾಡುತ್ತದೆ, ಆದರೆ ಹುಳಿ ತರುವ ಜಾತಿಗೆ ಮೊದಲ ಒಂದೆರಡು ದಿನ ಬೆಚ್ಚಗಿರಲೇಬೇಕು. ಸಾಸೇಜು ತೂಗುಹಾಕಿದ ಕೋಣೆಯನ್ನು ಬೆಚ್ಚಗೇ ಇಟ್ಟಿದ್ದೆನಲ್ಲ ಎಂದು ನಾನು ತಲೆ ಚಚ್ಚಿಕೊಳ್ಳುತ್ತಿದ್ದಾಗ ಅತ್ತಿಗೆ ಬಾಯಿಬಿಟ್ಟರು. "ಬಿಸೀಲಿ ಮಾಂಸ ಕೊಳೆತು ಹೋಗುತ್ತೆ, ಪಾಪ, ಅವಳ ಮೊದಲನೇ ಕೆಲಸ ಹಾಳಾಗಬಾರದು ಅಂತ, ನೀನು ಮನೆಗೆ ಹೋದ್ಮೇಲೆ ಅವರು ಕೋಣೆ ತಣ್ಣಗೆ ಮಾಡ್ತಿದ್ರು ಕಣೇ. ನೀನು ಬರೋ ಹೊತ್ತಿಗೆ ಮತ್ತೆ ಬಿಸಿ."

ಏನು ಹೇಳಲಿ ನಿನಗೆ? ಕೇಳಿದ ಕೂಡಲೇ ಮೈಯೆಲ್ಲ ಉರಿಯಿತು. ಆಮೇಲೆ ಅಳು ಬಂತು. ಎಲ್ಲರ ಮುಂದೆ ನನ್ನ ಪುಡಿಯನ್ನು ಗೇಲಿ ಮಾಡಿದವನು, ನನಗೋಸ್ಕರ ಕಳ್ಳನ ಹಾಗೆ ಹೋಗಿ ಹೀಟರಿನ ಗುಂಡಿ ತಿರುಗಿಸಿದ್ದೀಯ. ಕೇಡು ಬಗೆದು ಮಾಡಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಇದಕ್ಕೆ ಯಾರನ್ನು ಬೈಯಲಿ?

ಈಗ ನನಗಿರುವ ಭಯ ಒಂದೇ. ಮಾಡಿದವರು ತಾವು ತಿಂದು ತೋರಿಸದೆ ಗಿರಾಕಿಗೆ ಕೊಡಬಾರದು ಎಂಬ ಅಪ್ಪನ ಮಾತು ನಿನಗೆ ವೇದವಾಕ್ಯ. ನನ್ನ ಮಾನ ಉಳಿಸಲು ನೀನು ಎಲ್ಲರೆದುರು ಮೊದಲ ಬಿಲ್ಲೆಯನ್ನು ಬಾಯಿಗೆ ಹಾಕಿಕೊಳ್ಳುತ್ತೀಯ, ನನಗೆ ಗೊತ್ತು. ಈಗಾಗಲೇ ಹಾಕಿಕೊಂಡಿದ್ದರೆ ನಾಚಿಕೆ ಬಿಟ್ಟು ಅಲ್ಲಿ ತಿಂದವರಿಗೆಲ್ಲ ನಿಜ ಹೇಳಿ, ಅವರನ್ನೂ ಕರೆದುಕೊಂಡು ಸೀದಾ ಡಾಕ್ಟರ ಹತ್ತಿರ ಹೋಗು. ಹಾಕಿಕೊಂಡಿರದಿದ್ದರೆ ಕೇಳು: ಇದನ್ನು ಮಾಡಿದವಳು ನಾನು. ನಾನು ತಿನ್ನುವ ಮೊದಲು ಯಾರೂ ತಿನ್ನುವ ಹಾಗಿಲ್ಲ. ನಾನು ತಿನ್ನುವುದಿಲ್ಲ. ಆ ಗಿರಾಕಿ ಹೋದರೆ ಹೋಗಲಿ, ನನಗೆ ಇರುವವನು ಒಬ್ಬನೇ ಅಣ್ಣ.

ನೂರು ಕಾಲ ಗಟ್ಟಿಯಾಗಿರು, ನನ್ನ ಮೇಲೆ ರೇಗುವುದಕ್ಕಾದರೂ.

ಚಪ್ಪಲಿ ಮೆಟ್ಟಿಕೊಂಡೇ ಬರೆಯುತ್ತಿರುವ,
ನಿನ್ನ ತಂಗಿ