ಸೊಂಟ ನೋಡದೆ ಹೊಲಿದ ಪೈಜಾಮ

ಗುರುವಾರ, ಊಟದ ಬಿಡುವು

ಪ್ರೀತಿಯ ಬಿಸಿಗೈ,

ನನ್ನಮ್ಮ ನಿನಗೆ ಇಟ್ಟ ಹೆಸರಿನಿಂದಲೇ ಕರೆಯುತ್ತಿದ್ದೇನೆ. ನಿನ್ನ ನಿಜವಾದ ಹೆಸರು ಬರೆದರೆ ಕೋರ್ಟಿನ ನೋಟಿಸಿನ ಹಾಗೆ ಕಾಣುತ್ತದೆ, ಬರೆದು ಹರಿದೆ. ಫೋನು ಎತ್ತುವುದಿಲ್ಲ ಎಂದು ಹಟ ಹಿಡಿದಿದ್ದೀಯ, ಹಿಡಿ. ಆದರೆ ಕಾಗದ ಓದದೆ ಬಿಡುವವನಲ್ಲ ನೀನು. ರೋಗಿಗಳು ಬಿಟ್ಟುಹೋದ ಹಳೇ ಪೇಪರನ್ನೂ ಕೊನೆಯ ಜಾಹೀರಾತಿನವರೆಗೆ ಓದುವ ಜಾತಿ ನಿನ್ನದು. ಕೈಗೆ ಸಿಕ್ಕಿದ್ದು ನಮ್ಮ ಹೊಲಿಗೆ ಕೋಣೆಯ ಖಾಕಿ ಕಾಗದ, ಅದರ ಮೇಲೆ ಗೀಚುತ್ತಿದ್ದೇನೆ. ಎದುರಿಗೆ ಡಬ್ಬಿ ತೆರೆದೇ ಇದೆ.

ಬರುವ ಸೋಮವಾರ ಮದುವೆ ನೋಂದಣಿ ಕಚೇರಿಯಲ್ಲಿ ನಮ್ಮ ಸರದಿ. ನೀನು ಬಟ್ಟೆಚೀಲ ಹೆಗಲಿಗೆ ಹಾಕಿಕೊಂಡು ಆಸ್ಪತ್ರೆಯ ಕ್ವಾರ್ಟರ್ಸಿಗೆ ಹೊರಟಾಗ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದೆ. "ಮೊದಲ ದಿನ ನನ್ನಲ್ಲಿ ಏನು ನೋಡಿದೆ? ನಿಜ ಹೇಳು. ಆಮೇಲೆ ಬರ್ತೀನೋ ಇಲ್ವೋ ನೋಡೋಣ." ನಾನು ಬಾಯಿ ತೆರೆಯುವಷ್ಟರಲ್ಲಿ, "ಈಗ ಬೇಡ, ಯೋಚನೆ ಮಾಡಿ ಹೇಳು" ಎಂದು ಮೆಟ್ಟಿಲಿಳಿದೆ. ಅಂದಿನಿಂದ ಯೋಚನೆಯನ್ನೇ ಮಾಡುತ್ತಿದ್ದೇನೆ. ನಿನ್ನೆ ಶಾಲೆಯ ಸಮವಸ್ತ್ರದ ಬಟ್ಟೆಯಲ್ಲಿ ಎರಡೂ ತೋಳನ್ನು ಎಡಗೈಗೇ ಕತ್ತರಿಸಿಟ್ಟೆ. ಕತ್ತರಿ ಅಂತ ಹೆಸರು ಪಡೆದವಳ ಗತಿ ನೋಡು.

ಮೊದಲು ಆ ಪೈಜಾಮದ ಮಾತು ಮುಗಿಸುತ್ತೇನೆ.

ನಮ್ಮ ಕೋಣೆಯ ರೂಢಿ ನಿನಗೆ ಹೇಳಿದ್ದೆ. ಯಾರದ್ದಾದರೂ ಮದುವೆ ಗೊತ್ತಾದರೆ ಉಳಿದವರು ಸೇರಿ ಮಿಕ್ಕ ಬಟ್ಟೆಯಲ್ಲಿ ಮದುಮಗನಿಗೆ ಒಂದು ಪೈಜಾಮ ಹೊಲಿಯುತ್ತಾರೆ. ಟೇಪು ಮುಟ್ಟುವ ಹಾಗಿಲ್ಲ, ಕಣ್ಣಳತೆಯಲ್ಲೇ ಕತ್ತರಿಸಬೇಕು. ಅವನು ಬಂದು ಪ್ಯಾಂಟಿನ ಮೇಲೆಯೇ ಅದನ್ನು ಏರಿಸಿ ಮೇಜುಗಳ ನಡುವೆ ಒಂದು ಸುತ್ತು ನಡೆಯಬೇಕು. ಬಿಗಿಯಾದರೆ ಅವನನ್ನು ನೋಡಿ ನಗು, ಸಡಿಲವಾದರೆ ನಮ್ಮನ್ನು ನೋಡಿ ನಗು. ಗುಂಡಿ ಹಾಕುವ ನಮ್ಮ ಗುಂಡಿಯಕ್ಕನ ಅಳಿಯನಿಗೆ ಮೊಣಕಾಲಿಗೇ ನಿಂತುಬಿಟ್ಟಿತ್ತು. ಆ ಮನುಷ್ಯ ಇವತ್ತಿಗೂ ನಮ್ಮ ಬೀದಿಗೆ ಕಾಲಿಟ್ಟರೆ ಯಾರಾದರೂ ಕೆಮ್ಮುತ್ತಾರೆ.

ನಿನಗೆ ಹೊಲಿದದ್ದರಲ್ಲಿ ನಿನ್ನಂಥ ಇಬ್ಬರು ಹಿಡಿಸುತ್ತಿದ್ದರು. ನಿನ್ನ ಸೊಂಟ ನನ್ನದಕ್ಕಿಂತ ಸಣ್ಣ. ಅದು ಕಣ್ಣಿದ್ದವರಿಗೆಲ್ಲ ಕಾಣುತ್ತದೆ. ಸಾಲದ್ದಕ್ಕೆ ಮುಂದುಗಡೆ ಚೀಲದ ಹಾಗೆ ಬಟ್ಟೆ ಬಿಟ್ಟು ನೆರಿಗೆ ಹಿಡಿದಿದ್ದರು. ನೀನು ಎರಡೂ ಕೈಯಲ್ಲಿ ಅದನ್ನು ಎದೆಯವರೆಗೆ ಎತ್ತಿ ಹಿಡಿದು ನಡೆದೆ. "ಮುಂದೆ ಜಾಗ ಸಾಲುತ್ತೇನಪ್ಪಾ?" ಅಂದಳು ಗುಂಡಿಯಕ್ಕ. "ನಿಮ್ಮ ಜನದವರ ಲೆಕ್ಕ ಹಿಡಿದು ಹೊಲಿದಿದ್ದೀವಿ" ಅಂದಳು ಕಾಲರು ಹೊಲಿಯುವ ಹುಡುಗಿ. "ಪಾಪ ಇವಳು ಮದುವೆ ಮರುದಿನ ಕೆಲಸಕ್ಕೆ ಬರೋಕೆ ನಡೆಯೋ ಸ್ಥಿತೀಲಿ ಇರ್ತಾಳೋ ಇಲ್ವೋ" ಅಂದದ್ದು ಯಾರೆಂದು ನೆನಪಿಲ್ಲ. ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ನೀನೂ ನಕ್ಕೆ.

ನಾನೂ ನಕ್ಕೆ.

ಮನೆಗೆ ಬಂದು ಕೈಕಾಲು ತೊಳೆದು ಮಂಚದ ತುದಿಯಲ್ಲಿ ಕೂತು, "ಅವರು ಬೇರೆ ಮದುಮಗನನ್ನಾದ್ರೆ ನೋಡಿ ಹೊಲೀತಾರೆ. ನನ್ನನ್ನ ಯಾರೂ ನೋಡಲೇ ಇಲ್ಲ" ಅಂದೆ. ನಾನು ಸಮಾಧಾನ ಮಾಡಲು ಹೋದೆ. ಬಾಯಿಗೆ ಬಂದದ್ದು ಏನು? "ಬಿಡು, ಅವರಿಗೇನು ಗೊತ್ತು. ನೀನು ನಿಮ್ಮವರ ಹಾಗಲ್ಲ." ಗಾಯಕ್ಕೆ ಔಷಧಿ ಅಂತ ಉಪ್ಪು ಸುರಿದೆ. "ನಮ್ಮವರು ಹೇಗೆ?" ಎಂದು ನೀನು ಕೇಳಿದೆ. ಉತ್ತರವಿತ್ತು, ಅದನ್ನು ಹೇಳುವ ಮುಖವಿರಲಿಲ್ಲ. ಬೆಳಿಗ್ಗೆ ನೀನು ಚೀಲ ತುಂಬಿದೆ.

(ಗಂಟೆ ಹೊಡೆಯಿತು. ಕೆಲಸ ಬಿಟ್ಟ ಮೇಲೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಮುಂದುವರಿಸುತ್ತಿದ್ದೇನೆ. ಆಗಲೇ ಎರಡು ಬಸ್ಸು ಬಿಟ್ಟೆ.)

ಮೊನ್ನೆ ಸೋಮವಾರ ಕೋಣೆಯವರ ಜೊತೆ ಜಗಳವಾಡಿದೆ. ನಿನಗೆ ಹೇಳಿಕೊಳ್ಳಲಿಕ್ಕೆ ಆಡಿದ್ದಲ್ಲ. ಗುಂಡಿಯಕ್ಕ ಸೊಂಟದ ಮೇಲೆ ಕೈಯಿಟ್ಟು, "ಅಯ್ಯೋ, ಹೊಗಳಿದ್ರೂ ತಪ್ಪೇನೇ? ನಮ್ಮ ಗಂಡಂದಿರನ್ನ ಒಬ್ಬರಾದ್ರೂ ಹೀಗೆ ಹೊಗಳಲಿ ನೋಡೋಣ" ಅಂದಳು. "ಎತ್ತನ್ನ ಸಂತೇಲಿ ಹೀಗೇ ಹೊಗಳ್ತಾರಕ್ಕ, ಹಲ್ಲು ನೋಡಿ, ತೊಡೆ ತಟ್ಟಿ. ಆಮೇಲೆ ನೊಗ ಕಟ್ತಾರೆ" ಅಂದೆ. "ಅವನೇ ನಗ್ತಾ ಇದ್ನಲ್ಲ, ನಿನಗೇನು ಉರಿ?" ಅಂದಳು. ಸುತ್ತಲೂ ಕತ್ತರಿ ಹಿಡಿದ ಹೆಂಗಸರು, ನಡುವೆ ನೀನೊಬ್ಬ. ನಗದೆ ಇನ್ನೇನು ಮಾಡಬೇಕಿತ್ತು? ಮುಖ ಗಂಟಿಕ್ಕಿದ್ದರೆ, "ನೋಡ್ರೇ, ಇವರಿಗೆ ಸಿಟ್ಟು ಮೂಗಿನ ತುದೀಲೇ" ಅಂತ ಇನ್ನೊಂದು ಮೊಳೆ ಹೊಡೆಯುತ್ತಿದ್ದರು. ನಗು ನಿನ್ನ ಜನ ಕಲಿತ ಗುರಾಣಿ ಎಂದು ಕೂಗಿದೆ. ಯಂತ್ರಗಳೆಲ್ಲ ನಿಂತವು. ಗುಂಡಿಯಕ್ಕ ಸಾಕ್ಷಿ ರುಜು ಹಾಕಲು ಬರುವುದಿಲ್ಲವಂತೆ. ಕಾಲರಿನ ಹುಡುಗಿ ಮಾತ್ರ ನಲ್ಲಿಯ ಹತ್ತಿರ ಬಂದು, "ನಾನು ಬರ್ತೀನಿ ಅಕ್ಕ, ಆದ್ರೆ ಅವರ ಮುಖ ಹೇಗೆ ನೋಡ್ಲಿ" ಅಂದಳು. ನೋಡು, ಆಗಲಾದರೂ ನೋಡು ಅಂದೆ.

ನಿನ್ನ ಅಕ್ಕ ಮೊದಲ ಸಲ ನನ್ನನ್ನು ಕಂಡಾಗ ಅಡುಗೆಮನೆಗೆ ಕರೆದು ನಿನ್ನ ಕಿವಿಯಲ್ಲಿ ಹೇಳಿದ್ದು ನೆನಪಿದೆಯಲ್ಲ? ನನ್ನ ಜನದ ಹೆಂಗಸರು ಮಂಚದ ಮೇಲೂ ತಣ್ಣಗೆ ಕೂತು ಮರುದಿನದ ಅಡುಗೆ ಯೋಚಿಸುತ್ತಾರಂತೆ. ಅದನ್ನು ನೀನು ನನಗೆ ಹೇಳಿದೆ, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅದಕ್ಕೇ ನಾನು ಅಂದುಕೊಂಡಿದ್ದೆ, ಅವರದ್ದು ಇವರಿಗೆ, ಇವರದ್ದು ಅವರಿಗೆ, ಸಮಸಮ ಎಂದು. ಎಲ್ಲಿಯ ಸಮ? ನಿನ್ನ ಅಕ್ಕನ ಮಾತು ಆ ಅಡುಗೆಮನೆಯಲ್ಲೇ ಸತ್ತಿತು. ನನ್ನ ಹಿಂದೆ ಬೀದಿಗೆ ಬರಲಿಲ್ಲ. ನಿನ್ನ ಮೇಲಿನ ಮಾತು ನಿನಗಿಂತ ಮೊದಲೇ ಎಲ್ಲ ಕಡೆ ಹೋಗಿ ಕೂತಿರುತ್ತದೆ. ಬಾಡಿಗೆ ಮನೆ ಕೇಳಲು ಹೋದರೆ ಅಲ್ಲಿ, ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ, ವಾರ್ಡಿನ ಬಾಗಿಲಲ್ಲಿ.

ವಾರ್ಡು ಅಂದೆನಲ್ಲ. ನೀನು ನರ್ಸು. ಆದರೆ ಭಾರ ಎತ್ತುವುದಿದ್ದರೆ ಮಾತ್ರ "ಅವನನ್ನ ಕರೀರಿ". ಹೆಂಗಸರ ಮೈ ಒರೆಸುವುದಿದ್ದರೆ "ಅವನು ಬೇಡ". ಅಮ್ಮನ ಸೊಂಟದ ಮೂಳೆ ಮುರಿದು ನಿಮ್ಮ ವಾರ್ಡಿಗೆ ಸೇರಿಸಿದಾಗ ನನ್ನ ಅಣ್ಣನೇ ದೊಡ್ಡ ಡಾಕ್ಟರ ಹತ್ತಿರ ಹೋಗಿ, "ಆ ಜನದವನನ್ನ ನಮ್ಮಮ್ಮನ ಹತ್ತಿರ ಒಬ್ಬನೇ ಬಿಡಬೇಡಿ" ಅಂದುಬಂದ. ನಮ್ಮ ಕೋಣೆಯ ಹೆಂಗಸರು ಕಣ್ಣು ಹೊಡೆದು ಹೇಳಿದ್ದನ್ನೇ ನನ್ನ ಅಣ್ಣ ಹಲ್ಲು ಕಚ್ಚಿ ಹೇಳಿದ. ಬಾವಿ ಒಂದೇ, ಅದರ ನೀರೇ ವಿಷ. ಒಬ್ಬರು ಅದನ್ನು ಪಾನಕ ಮಾಡಿ ಹಂಚಿದರು, ಇನ್ನೊಬ್ಬ ಹಾಗೇ ಮುಖಕ್ಕೆ ಎರಚಿದ.

ಅಮ್ಮ ಮಾತ್ರ ಕೇಳಲಿಲ್ಲ. "ಆ ಬಿಸಿಗೈಯವನೇ ಬರಲಿ. ನಿನ್ನ ಕೈ ಬಿದ್ದರೆ ಉಳಿದ ಮೂಳೆಯೂ ಹೋದೀತು" ಎಂದು ಅಣ್ಣನನ್ನು ಹೊರಗೆ ಕಳಿಸಿದಳು. ನೀನು ಮೊದಲು ನಿನ್ನ ಅಂಗೈಗಳನ್ನು ಉಜ್ಜಿ ಬಿಸಿ ಮಾಡಿಕೊಂಡೆ. "ಅಮ್ಮಾ, ಈಗ ಬಲಗಡೆ ತಿರುಗಿಸ್ತೀನಿ, ನೋವಾದ್ರೆ ನನ್ನ ಕೈ ಚಿವುಟಿ" ಅಂದೆ. ಅಮ್ಮ ಚಿವುಟಿದಳು, ನೀನು ತುಟಿ ಕಚ್ಚಿ ನಿಂತೆ, ತಿರುಗಿಸಿದ್ದು ಮಾತ್ರ ಒಂದು ಕೂದಲೂ ಅಲುಗದ ಹಾಗೆ. ನಿನ್ನ ಪ್ರಶ್ನೆಗೆ ನನ್ನ ಉತ್ತರ ಅದು. ನಾನು ನೋಡಿದ್ದು ಆ ಅಂಗೈ.

ಮುಟ್ಟುವ ಮೊದಲು ಹೇಳಿ ಮುಟ್ಟುವವನು ನೀನು. ನನ್ನನ್ನೂ ಹಾಗೇ. ಗಂಡಸು ಅಂದರೆ ಕೇಳದೇ ಬಾಚಿಕೊಳ್ಳುವವನು ಎಂದು ನನ್ನ ತಲೆಯಲ್ಲಿ ಯಾರು ಯಾರೋ ತುಂಬಿದ್ದರು. ನಿನ್ನ ಕಾಲು ಸದಾ ತಣ್ಣಗಿರುತ್ತದೆ ಎನ್ನುವುದು ಅವರ್‍ಯಾರಿಗೂ ಗೊತ್ತಿಲ್ಲ. ಜಿರಳೆ ಕಂಡರೆ ನೀನು ಕುರ್ಚಿ ಏರುತ್ತೀಯ. ಎರಡು ಪಾಳಿ ಮುಗಿಸಿ ಬಂದ ದಿನ ನನ್ನ ಬೆನ್ನಿಗೆ ಹಣೆಯಾನಿಸಿದ್ದೇ ಮಗುವಿನ ಹಾಗೆ ಬಾಯಿ ತೆರೆದು ನಿದ್ದೆ ಹೋಗುತ್ತೀಯ. ಇಬ್ಬರ ನಡುವೆ ಉಳಿಯುವುದು ಇಂಥದ್ದೇ. ಮಂಚದ ಸುಖ ಯಾವತ್ತೋ ಒಂದು ದಿನ ಚೆನ್ನಾಗಿರುತ್ತದೆ, ಇನ್ನೊಂದು ದಿನ ಇರುವುದೇ ಇಲ್ಲ. ಅದನ್ನು ಜನಾಂಗದ ಲೆಕ್ಕಕ್ಕೆ ಬರೆದವರ ಕೈ ಸೇದಿಹೋಗಲಿ.

ಮನೆಯಲ್ಲಿ ನಿನ್ನ ಲೋಟ ಇನ್ನೂ ಸಿಂಕಿನಲ್ಲೇ ಇದೆ. ತೊಳೆದಿಟ್ಟರೆ ನೀನು ಹೋದದ್ದು ಖಾತರಿಯಾಗುತ್ತದೆ ಅನ್ನಿಸಿ ಮುಟ್ಟಿಲ್ಲ. ಅಮ್ಮ ಕೋಲೂರಿಕೊಂಡು ಬಂದು ಬಂದು ಬೀದಿ ನೋಡುತ್ತಾಳೆ. ನಾನೂ ಕಿಟಕಿಗೂ ಬಾಗಿಲಿಗೂ ಓಡಾಡುತ್ತಿದ್ದೇನೆ. "ಕೂತ್ಕೊಳೇ, ನೆಲ ಸವೆದೀತು" ಅನ್ನುತ್ತಾಳೆ. ಕೂತರೆ ಏಳಬೇಕು ಅನ್ನಿಸುತ್ತದೆ, ಎದ್ದರೆ ಎಲ್ಲಿಗೆ ಹೋಗಬೇಕೋ ತಿಳಿಯುವುದಿಲ್ಲ.

ನಿನ್ನವಳು,
ಕತ್ತರಿ

ತಾ.ಕ.: ಕಾಗದ ಮಡಿಸಿ ಅಂಟಿಸಿದ್ದೆ. ಮತ್ತೆ ಬಿಚ್ಚಿದೆ. ಅಂಗೈ ನೋಡಿದೆ ಅಂದದ್ದು ಸುಳ್ಳಲ್ಲ. ಆದರೆ ಅದು ಎರಡನೇ ದಿನ. ನೀನು ಕೇಳಿದ್ದು ಮೊದಲ ದಿನ. ಮೊದಲ ದಿನ ನೀನು ಅಂಗಿಯ ತೋಳು ಮಡಚಿಕೊಂಡು ಅಮ್ಮನ ಸ್ಟ್ರೆಚರ್ ತಳ್ಳುತ್ತ ಮುಂದೆ ಹೋಗುತ್ತಿದ್ದೆ. ಹಿಂದೆ ನಾನು, ಅತ್ತಿಗೆ. ಅತ್ತಿಗೆ ನನ್ನನ್ನು ಚಿವುಟಿ, "ಇವರ ಬಗ್ಗೆ ಹೇಳೋದೆಲ್ಲ ನಿಜವೇನೇ?" ಅಂದಳು. "ನೋಡಿದ್ರೆ ಗೊತ್ತಾಗಲ್ವಾ?" ಅಂದೆ ನಾನು. ಅಮ್ಮ ನರಳುತ್ತಿದ್ದಳು, ನಾವಿಬ್ಬರೂ ಸೆರಗು ಬಾಯಿಗಿಟ್ಟು ನಕ್ಕೆವು. ನಾನು ನೋಡಿದ್ದು ಅದು. ಮುಂದೆ ನೀನು ಮೊದಲ ಸಲ, "ಇವತ್ತು ನನ್ನಿಂದ ಆಗಲ್ಲ, ಸುಮ್ಮನೆ ಮಲಗೋಣ" ಅಂದಾಗ, ಒಂದು ಕ್ಷಣ, ಅಂಗಡಿಯವನು ಬೇರೆ ಮಾಲು ಕಟ್ಟಿಕೊಟ್ಟ ಅನ್ನಿಸಿತ್ತು. ಅದು ನನ್ನಿಂದ ಪೂರ್ತಿ ಹೋಗಿದೆ ಅಂತ ಹೇಳಲಾರೆ. ಹೋಗಿದ್ದರೆ ಆ ಮೇಜುಗಳ ನಡುವೆ ನಾನು ನಗುತ್ತಿರಲಿಲ್ಲ. ಸೋಮವಾರ ಕಚೇರಿಯ ಮೆಟ್ಟಿಲ ಹತ್ತಿರ ಇರುತ್ತೇನೆ. ಕ್ಷಮಿಸುವುದಕ್ಕೆ ಬರಬೇಡ. ಇಷ್ಟು ಗೊತ್ತಿದ್ದೂ ನನ್ನ ಪಕ್ಕ ನಿಲ್ಲಲು ಆಗುವುದಾದರೆ ಬಾ.