ನೀಲವ್ವನ ಸ್ಟಾಪ್

ಅವ್ವಾ,

ಹೋದ ವಾರ ಸಮಾಜ ಮಂದಿರದಾಗ ನಾನೂ ಮೈಕ್ ಮುಂದ ನಿಂತು ಮಾತಾಡಿದೆ. ಬಸ್ಸಿನ ದಾರಿ ಬದಲ ಮಾಡೋದರ ಬಗ್ಗೆ ಜನರ ಮಾತು ಕೇಳಾಕ ಬಸ್ ಆಫೀಸಿನ ಸಾಹೇಬರು ಬಂದಿದ್ರು. ಕೋಪರಖೈರಣೆಯಿಂದ ರಬಾಳೆಗೆ ಹೋಗೋ ನಮ್ಮ ಬಸ್ಸು ಇನ್ನಮ್ಯಾಲ ನಮ್ಮ ಚಾಳಿನ ಕಡೆ ತಿರುಗೂದಿಲ್ಲಂತ, ದೊಡ್ಡ ರಸ್ತೆ ಹಿಡಿದು ಸೀದಾ ಹೋಗತೈತಂತ. ಹಂಗಾದ್ರ ಫ್ಯಾಕ್ಟರಿಗೆ ಹೋಗೋ ಹೆಣ್ಮಕ್ಕಳು ನಸುಕಿನಾಗ ಲಾರಿಗಳ ನಡುವ ನಡಕೋತ ಹೋಗಬೇಕು. ಶಾಂತಕ್ಕನ ಕಾಲು ಅದೇ ರಸ್ತೆದಾಗ ಮುರಿದಿದ್ದು ನಿನಗ ನೆನಪೈತಲ್ಲ?

ನಾವೆಲ್ಲಾರೂ ಒಬ್ಬರಾದ ಮ್ಯಾಲ ಒಬ್ಬರು ಒಂದ ಮಾತು ಹೇಳಿದ್ವಿ, “ನೀಲವ್ವನ ಸ್ಟಾಪ್ ತೆಗೀಬ್ಯಾಡ್ರಿ.” ಸಾಹೇಬರು ನಕಾಶೆ ನೋಡಿ ತಲಿ ಅಲ್ಲಾಡಿಸಿದ್ರು. “ಅಸಾ ಥಾಂಬಾಚ್ ನಾಹೀ.” ಅಂಥಾ ಸ್ಟಾಪೇ ಇಲ್ಲಂತ! ನನಗ ಮೈಯೆಲ್ಲಾ ಉರೀತು. ಆದ್ರ ಅಲ್ಲಿ ಬೋರ್ಡ್ ಯಾವಾಗ ಇತ್ತು? ನಿನ್ನ ಹೆಸರು ಬಿಟ್ರ ಆ ಜಾಗಕ್ಕ ಬ್ಯಾರೆ ಹೆಸರು ನಮಗೆಲ್ಲಿ ಗೊತ್ತಿತ್ತು?

ನೀ ತೀರಿಹೋದ ಮ್ಯಾಲೂ, ಮೊದಲನೇ ಸಲ ನೀ ಬಸ್ಸಿಗೆ ಅಡ್ಡ ನಿಂತಿದ್ದು ಇನ್ನೂ ಕಣ್ಣಿಗೆ ಕಟ್ಟಿದಂಗೈತಿ. ಎಡಗೈಯಾಗ ಬುತ್ತಿಚೀಲ, ಬಲಗೈ ಮ್ಯಾಲ. “ನಿಲ್ಲಸ್ರೀ!” ಅಂತ ಒದರಿದ್ದಿ. ಡ್ರೈವರ್ ಮರಾಠಿಯಾಗ ಬೈದ, ನೀ ಕನ್ನಡದಾಗ ಅವನ ಮನೆತನಾನೇ ಜಾಲಾಡಿದಿ. ಮರುದಿನದಿಂದ ಅಂವ ತಾನಾಗೇ ನಿಲ್ಲಿಸ್ತಿದ್ದ.

“ಉಂಡೀ ಏನ?” ಅಂತ ನೀ ಕೇಳಿದ್ರ ನನ್ನ ಮಗಳು ಪೂಜಾ “ಹಾಂ, ಖಾ ಲಿಯಾ” ಅಂತ ಹಿಂದಿಯಾಗ ಅಂತಿದ್ಳು. ಮೊಮ್ಮಗಳ ಬಾಯಾಗ ಕನ್ನಡ ಇಲ್ಲಂತ ನೀ ಸಿಟ್ಟಾಗಿ ಗೋಡಿ ಕಡೆ ಹೊಳ್ಳಿ ಮಲಗತಿದ್ದಿ. ಅದೇ ಪೂಜಾ ಮಂದಿರದಾಗ ಎದ್ದು ನಿಂತು ಮರಾಠಿಯಾಗ ಹೇಳಿದ್ಳು, “ನಕಾಶೆದಾಗ ಇಲ್ಲಂದ್ರೇನಾತು, ರಸ್ತೆದಾಗ ಐತಿ. ಬಂದು ನೋಡ್ರಿ.” ಸೋಮವಾರ ಬರ್ತೀನಿ ಅಂದ್ರು ಸಾಹೇಬರು. ಬಸ್ಸು ಅಲ್ಲಿ ನಿಲ್ಲಲಿಲ್ಲ ಅಂದ್ರ ಮಾತು ಮುಗೀತು ಅಂತನೂ ಅಂದ್ರು.

ಇವತ್ತು ಮುಂಜಾನೆ ಸಾಹೇಬರು ಚಹಾದ ಗಾಡಿ ಹತ್ರ ನಿಂತಿದ್ರು. ಬಸ್ಸು ಬಂತು. ನೋಡಿದ್ರ ಹೊಸಾ ಡ್ರೈವರ್! ಎಲ್ಲಾರೂ ಕೈ ಮಾಡಿದ್ವಿ. ಅಂವ ಬ್ರೇಕ್ ಒತ್ತಲೇ ಇಲ್ಲ. ಹೋತು, ಎಲ್ಲಾ ಹೋತು ಅಂದ್ಕೊಂಡೆ, ಅಷ್ಟರಾಗ ಪೂಜಾ ಫಟ್ ಅಂತ ರಸ್ತೆಗಿಳಿದು...

“ನಿಲ್ಲಸ್ರೀ!”

ಬಸ್ಸು ಕಿರ್ ಅಂತ ನಿಂತಿತು, ಆಕಿಯಿಂದ ಒಂದು ಮಾರು ದೂರ. ನನ್ನ ಜೀವಾ ಬಾಯಿಗೆ ಬಂದಿತ್ತವ್ವಾ. ಡ್ರೈವರ್ ಬೈಯೂದರಾಗ ಹಳೇ ಕಂಡಕ್ಟರ್ ಬಾಗಲಿಗೆ ಬಂದು ದಿನದಂಗ ಸ್ಟಾಪಿನ ಹೆಸರು ಹೇಳಿ, ಲಗೂನ ಇಳೀರಿ ಅಂತ ಕೂಗಿದ, “ನೀಲವ್ವಾ, ನೀಲವ್ವಾ! ಚಲಾ, ಲವಕರ್ ಉತರಾ!” ಸಾಹೇಬರು ಚಹಾ ಕೈಯಾಗ ಹಿಡಕೊಂಡೇ ಅದನ್ನ ಕೇಳಿದ್ರು. ಬಸ್ಸು ಈ ಕಡೆನೇ ಬರಲಿ ಅಂತ ಬರದು ಕಳಸ್ತೀನಿ ಅಂದ್ರು. ಮ್ಯಾಲಿನವರು ಏನಂತಾರೋ, ನೋಡೋಣು.

ಪೂಜಾಗ ರಟ್ಟಿ ಹಿಡಿದು ಬೈದೆ, “ಸಾಯಾಕ ಹೊಂಟಿದ್ದೇನ ಹುಚ್ಚಿ?” ಆಕಿ ಅಳುಮುಖ ಮಾಡಿ ಅಂದ್ಳು, “ಅಜ್ಜಿ ಹಿಂಗೇ ನಿಂತಿದ್ಳಲ್ಲ?”

ಕೇಳಿದೇನವ್ವಾ? ಆಕಿ ಕನ್ನಡದಾಗ ಅಂದ್ಳು. ಇನ್ನರೆ ಗೋಡಿ ಕಡೆಯಿಂದ ಈ ಕಡೆ ಹೊಳ್ಳು.

ನಿನ್ನ ಮಗಳು,
ಕಸ್ತೂರಿ