ಚಪ್ಪರ ಕಿತ್ತದ್ದು ಎಲ್ಲಿಂದ

ದರ್ಬೆ, ಪುತ್ತೂರು
12 ನವೆಂಬರ್ 2024

ಯತಿನ್ ಅವರಿಗೆ,

ಅಭ್ಯಾಸಬಲದಿಂದ ಮೊದಲು ‘ಪ್ರೀತಿಯ’ ಅಂತ ಬರೆದು ಹೊಡೆದು ಹಾಕಿದ್ದೇನೆ. ಹೊಡೆದದ್ದು ಕಾಣಲಿ ಅಂತಲೇ ಬೇರೆ ಕಾಗದ ತೆಗೆದುಕೊಳ್ಳಲಿಲ್ಲ. ಜೂನ್‌ನಲ್ಲಿ ನಾನು ಮನೆ ಬಿಟ್ಟು ಬಂದ ಮೇಲೆ ಕಟ್ಟಿಕೊಂಡ ಹೆಂಡತಿಯ ನಂಬರನ್ನೇ ಬ್ಲಾಕ್ ಮಾಡಿದ್ದೀರಿ, ಹಾಗಾಗಿ ಸುಳ್ಯದ ಬಸ್ಸಿನಲ್ಲಿ ಈ ಪತ್ರ ಕಳಿಸುತ್ತಿದ್ದೇನೆ. ಓದದೆ ಒಲೆಗೆ ಹಾಕಬೇಡಿ.

ಪೆರಾಬೆಯ ತ್ಯಾಂಪಣ್ಣನವರು ನಿಮ್ಮ ಶೆಡ್ಡಿನಲ್ಲಿ ಮಾಡಿಸಿದ, ಕಾರಿನ ಹಿಂದೆ ಎಳೆಯುವ ಕ್ಯಾಂಪರ್ ಟ್ರೈಲರಿನ ಚಪ್ಪರ, ನಾನೇ ಕ್ಯಾನ್ವಾಸ್ ಹೊಲಿದು ಕೊಟ್ಟದ್ದು, ಕಳೆದ ವಾರ ಗಾಳಿಗೆ ಕಿತ್ತು ಬಿತ್ತು. ಅಡಿಯಲ್ಲಿ ಚಾ ಕುಡಿಯುತ್ತಾ ಕೂತಿದ್ದ ಅವರ ಹೆಂಡತಿ ಸುಂದರಿಯಕ್ಕನ ಹೆಗಲಿಗೆ ಬಟ್ಟೆ ಸುತ್ತುವ ರೋಲರ್ ಬಡಿದು ಎಲುಬು ಮುರಿಯಿತು. ಅದಕ್ಕೆ ನೀವು ಕೊಟ್ಟ ಉತ್ತರ ಏನು? ತೃಪ್ತಿಯ ಹೊಲಿಗೆ ಬಿಟ್ಟಿತು ಅಂತ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ತ್ಯಾಂಪಣ್ಣನವರು ನನ್ನ ಅಂಗಡಿಗೇ ಬಂದು, ಎಂತ ಹೊಲಿಗೆ ಮಾರಾಯ್ತಿ ನಿನ್ನದು, ನನ್ನ ಹೆಂಡತಿ ಹಾಸಿಗೆಯಲ್ಲಿ ಉಂಟು ಅಂತ ಗಿರಾಕಿಗಳ ಎದುರೇ ಕೇಳಿದರು. ಹತ್ತು ವರ್ಷದಿಂದ ಟಾರ್ಪಾಲು, ಕ್ಯಾನ್ವಾಸು ಹೊಲಿದು ಗಳಿಸಿದ ಹೆಸರನ್ನು ನೀವು ಒಂದು ಮಾತಿನಲ್ಲಿ ತೆಗೆದಿರಿ.

ಮರುದಿನ ಅಂಗಡಿ ಮುಚ್ಚಿ ಪೆರಾಬೆಗೆ ಹೋದೆ. ಕ್ಯಾನ್ವಾಸನ್ನು ಅಂಗಳದಲ್ಲಿ ಹಾಸಿ ಮೂಲೆ ಮೂಲೆ ನೋಡಿದೆ. ಒಂದು ನೂಲೂ ಬಿಟ್ಟಿಲ್ಲ! ಚಪ್ಪರ ಹಿಡಿದಿದ್ದ ಬ್ರಾಕೆಟ್ಟುಗಳೇ ಟ್ರೈಲರಿನ ಗೋಡೆಯಿಂದ ಕಿತ್ತು ಬಂದಿವೆ. ಕಿತ್ತು ಅಗಲವಾದ ಸ್ಕ್ರೂ ತೂತಿಗೆ ಬೆರಳು ಹಾಕಿದರೆ ಒಳಗೆ ಬರೀ ಒದ್ದೆ ಹುಡಿ. ತೆಳು ತಗಡಿನ ಹಿಂದೆ ಕಬ್ಬಿಣದ ಪೈಪು ಕೊಡುವ ಬದಲು ಅಡಿಕೆ ಮರ ಸೀಳಿದ ಸಲಾಕೆ ಇಟ್ಟು ಅದಕ್ಕೆ ಸ್ಕ್ರೂ ತಿರುಗಿಸಿದ್ದೀರಿ. ನಮ್ಮಲ್ಲಿ ಬೇಲಿಗೂ ಸಲಾಕೆ, ಅಟ್ಟಕ್ಕೂ ಸಲಾಕೆ, ಹಟ್ಟಿಯ ಮಾಡಿಗೂ ಸಲಾಕೆ, ಒಪ್ಪಿದೆ. ಅಲ್ಲೆಲ್ಲ ಅದಕ್ಕೆ ಗಾಳಿಯಾಡುತ್ತದೆ. ಎರಡು ತಗಡಿನ ನಡುವೆ ಉಸಿರುಗಟ್ಟಿಸಿ, ತೂತಿನ ಸುತ್ತ ನೀರು ತಡೆಯುವ ಗಮ್ ಕೂಡ ಹಚ್ಚದೆ ಬಿಟ್ಟರೆ ಒಂದೇ ಮಳೆಗಾಲಕ್ಕೆ ಕೊಳೆತು ಕುಂಬಾಗದೆ ಇನ್ನೇನಾಗುತ್ತದೆ? ನನಗೆ ಮೈಯೆಲ್ಲ ಉರಿಯಿತು.

ಆ ಹುಡಿಯನ್ನು ತ್ಯಾಂಪಣ್ಣನವರ ಅಂಗೈಗೆ ಹಾಕಿದೆ. ಅಲ್ಲಿಯವರೆಗೆ ಕೂರಲೂ ಹೇಳದ ಮನುಷ್ಯ ಒಳಗೆ ಹೋಗಿ ಬೆಲ್ಲ ನೀರು ತಂದಿಟ್ಟರು.

ಈಗ ವಿಷಯಕ್ಕೆ ಬರುತ್ತೇನೆ. ಜಾಲ್ಸೂರಿನ ಗೌರೀಶಂಕರ ಭಟ್ಟರ ಟ್ರೈಲರೂ ನೀವು ತ್ಯಾಂಪಣ್ಣನವರದನ್ನು ಮಾಡಿದ ವಾರವೇ, ಅದೇ ಸಲಾಕೆ ಇಟ್ಟು ಮಾಡಿದ್ದು. ಈ ಭಾನುವಾರ ಅವರು ಮಕ್ಕಳನ್ನೆಲ್ಲ ಕಟ್ಟಿಕೊಂಡು ಸಮುದ್ರದ ಬದಿಗೆ ಹೊರಡುತ್ತಾರಂತೆ. ಅಲ್ಲಿಯ ಗಾಳಿ ಪೆರಾಬೆಯ ಗಾಳಿಯಲ್ಲ. ಪತ್ರ ಕೈ ಸೇರಿದ ದಿನವೇ ಹೋಗಿ ಆ ಚಪ್ಪರ ಇಳಿಸಿ. ಒಳಗೆ ಪೈಪು ಕೊಟ್ಟು, ಪ್ಲೇಟ್ ಇಟ್ಟು ಬೋಲ್ಟ್ ಹಾಕಿ ಆಮೇಲೆ ಏರಿಸಿ. ಮರ್ಯಾದೆ ಹೋಗುತ್ತದೆ ಅಂತ ಹೆದರಿಕೆಯೇ? ನನ್ನ ಮರ್ಯಾದೆ ತೆಗೆಯುವಾಗ ಆ ಹೆದರಿಕೆ ಎಲ್ಲಿತ್ತು? ನನ್ನ ಮೇಲೆ ಎಷ್ಟು ಬೇಕಾದರೂ ಸಿಟ್ಟು ಮಾಡಿ. ಅದಕ್ಕೆ ಊರವರ ಮಕ್ಕಳು ಪೆಟ್ಟು ತಿನ್ನುವುದು ಬೇಡ.

ಸಿಟ್ಟು ಇನ್ನೂ ಇಳಿಯದ,
ತೃಪ್ತಿ

ತಾ.ಕ.: ನೀವು ಹೋಗುವಿರೆಂಬ ನಂಬಿಕೆ ಬರಲಿಲ್ಲ. ಹಾಗಾಗಿ ಇದನ್ನು ಬಸ್ಸಿಗೆ ಕೊಡುವ ಮೊದಲು ಗೌರೀಶಂಕರ ಭಟ್ಟರಿಗೆ ಫೋನ್ ಮಾಡಿದೆ. ಚಪ್ಪರ ಬಿಚ್ಚಿಟ್ಟೇ ಹೊರಡುತ್ತಾರಂತೆ. ಗೋಡೆಯ ಒಳಗೆ ಇರುವುದು ನಿನಗೆ ಹೇಗೆ ಗೊತ್ತು ಅಂತ ಕೇಳಿದರು. ನಿಜ ಹೇಳಬೇಕಾಯಿತು. ಎಪ್ರಿಲ್‌ನಲ್ಲಿ ನೀವು ಎರಡೂ ಟ್ರೈಲರಿಗೆ ಸಲಾಕೆ ಕೂರಿಸುವಾಗ ಬಟ್ಟೆಯ ಅಳತೆಗೆ ಶೆಡ್ಡಿಗೆ ಬಂದ ನಾನು ಪಕ್ಕದಲ್ಲೇ ನಿಂತಿದ್ದೆ. ಇದು ನಿಲ್ಲುವುದಿಲ್ಲ ಅಂತ ಆಗಲೇ ಗೊತ್ತಿತ್ತು. ಆದರೆ ಎಷ್ಟೋ ತಿಂಗಳ ಮೇಲೆ ಅಂದು ನೀವು ನನ್ನ ಜೊತೆ ನಗುತ್ತಾ ಮಾತಾಡುತ್ತಿದ್ದಿರಿ. ಬಾಯಿ ತೆರೆದರೆ ಜಗಳವಾಗುತ್ತದೆ ಅಂತ ಸುಮ್ಮನಿದ್ದೆ. ಸುಂದರಿಯಕ್ಕನಿಗೆ ಇದನ್ನು ಹೇಳಲು ಮಾತ್ರ ಇನ್ನೂ ಬಾಯಿ ಬಂದಿಲ್ಲ.